ಕುರ್ಚಿಯ ಮೇಲಿನ ಶಾಲು

ನನ್ನ ಸೊಸೆ ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಾಳೆ. ಹೊಲಿಗೆಯ ಕೋಣೆಯಲ್ಲಿ ಇರುವುದು ಅವಳೊಬ್ಬಳೇ. ಆದರೂ ಈಚೆಗೆ ಒಳಗಿಂದ ಮಾತು ಕೇಳಿಸತೊಡಗಿತ್ತು.

"ಇದೊಂದು ಕಾಲರ್ ಮುಗಿಸಿಯೇ ಏಳ್ತೀನಿ, ಬೈಬೇಡಿ."

ಫೋನಿನಲ್ಲಿರಬಹುದು ಎಂದುಕೊಂಡರೆ ಅವಳ ಫೋನು ಅಡುಗೆಮನೆಯಲ್ಲಿತ್ತು. ಮತ್ತೆ ಯಾರ ಜೊತೆ ಮಾತು? ತಡೆಯಲಾಗದೆ ಬಾಗಿಲು ತಳ್ಳಿದೆ.

ಮಷೀನಿನ ಎದುರಿಗೆ ಒಂದು ಖಾಲಿ ಕುರ್ಚಿ. ಅದರ ಬೆನ್ನಿಗೆ, ನಾನು ವಾರದಿಂದ ಮನೆಯೆಲ್ಲ ಹುಡುಕುತ್ತಿದ್ದ ನನ್ನ ಬೂದು ಶಾಲು.

"ನಾನ್ಯಾವತ್ತು ನಿನ್ನನ್ನ ಬೈದಿದ್ದೀನಿ?" ಎಂದೆ. ಸಿಟ್ಟೇ ಬಂದಿತ್ತು.

"ನೀವು ಬೈಯಲ್ಲ ಅತ್ತೆ, ಅದೇ ತೊಂದರೆ. ಬೇಜಾರು ಅಂದ್ರೆ ಸಾಕು, ಹೋಗಿ ಮಲಗು ಅಂತೀರಿ. ಹೇಳೋರು ಕೇಳೋರು ಇಲ್ದಿದ್ರೆ ನನಗೆ ಕೈಯೇ ಓಡಲ್ಲ. ಅದಕ್ಕೇ ಈ ಅತ್ತೆ. ಇವರ ಬಾಯಿ ಸ್ವಲ್ಪ ಜೋರು," ಎಂದು ಶಾಲು ಹೊದ್ದ ಕುರ್ಚಿಯನ್ನು ತೋರಿಸಿದಳು.

"ಇವತ್ತು ಏನಂದಳು?"

"ಈ ಹೊಲಿಗೆ ಸೊಟ್ಟ, ಬಿಚ್ಚು ಅಂದ್ರು."

ಬಟ್ಟೆ ಇಸಿದುಕೊಂಡು ನೋಡಿದೆ. ಸೊಟ್ಟಗೇ ಇತ್ತು. ನಾನಾಗಿದ್ದರೆ ಚೆನ್ನಾಗಿದೆ ಅಂದುಬಿಡುತ್ತಿದ್ದೆ.

ಸೊಸೆ ನಾಚಿಕೊಂಡು ಶಾಲು ತೆಗೆದು, "ಕೂತ್ಕೊಳ್ಳಿ ಅತ್ತೆ," ಎಂದಳು.

"ಬೇಡ, ಅವಳೇ ಕೂತಿರಲಿ," ಎಂದು ಶಾಲನ್ನು ಮತ್ತೆ ಕುರ್ಚಿಗೆ ಹೊದಿಸಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡೆ.