ತಡವಾದ ಬಿಲ್ವಪತ್ರೆ

ಪೊಲೀಸರಿಗೆ ಫೋನ್ ಮಾಡಿದವರು ಯಾರು ಎಂದು ಶಂಭುಲಿಂಗ ಹುಡುಕಲು ಶುರು ಮಾಡಿದ್ದು ಜಾಮೀನಿನ ಮೇಲೆ ಹೊರಗೆ ಬಂದ ದಿನವೇ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವನ ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ. ಅಡಿಗೆ ಮನೆಯ ಸಿಲಿಂಡರಿಗೆ ಪೈಪು ಹಚ್ಚಿ, ಅಲ್ಲಿ ಆಟೋಗಳಿಗೆ ಕಳ್ಳತನದಿಂದ ಗ್ಯಾಸ್ ತುಂಬುತ್ತಿದ್ದ. ಶೆಡ್ಡಿನ ಗೋಡೆಗೆ ಹತ್ತಿಕೊಂಡೇ ಮೆಕ್ಯಾನಿಕ್ ತನ್ವೀರನ ಮನೆ. ಅವನ ಸಣ್ಣ ಮಗಳು ಹುಮಾ ಮಲಗುವುದು ಅದೇ ಗೋಡೆಯ ಮಗ್ಗುಲಿಗೆ. ಒಂದು ಕಿಡಿ ಸಾಕಿತ್ತು.

ಪೊಲೀಸರು ತಮ್ಮ ಸಹಾಯವಾಣಿಯ ನಂಬರಿನ ಚೀಟಿಯನ್ನು ಊರಿನ ಆಟೋಗಳ ಬೆನ್ನಿಗೆ ಅಂಟಿಸಿದ್ದರು: ‘ಮಾಹಿತಿ ಕೊಡಿ, ನಿಮ್ಮ ಹೆಸರು ಗುಪ್ತವಾಗಿರುತ್ತದೆ.’ ಆ ಚೀಟಿ ಹೊತ್ತ ಆಟೋಗಳೇ ಶೆಡ್ಡಿಗೆ ಬಂದು ಗ್ಯಾಸ್ ತುಂಬಿಸಿಕೊಂಡು ಹೋಗುತ್ತಿದ್ದವು.

ಹೆಸರೇನೋ ಗುಪ್ತವಾಗಿಯೇ ಉಳಿಯಿತು. ಆದರೆ ಹೆಸರು ಗೊತ್ತಾಗದಿದ್ದರೆ ಓಣಿ ಸುಮ್ಮನಿರುವುದಿಲ್ಲ, ತನಗೆ ಬೇಕಾದ ಹೆಸರು ಹಚ್ಚುತ್ತದೆ. ಎಲ್ಲರೂ ತನ್ವೀರನ ಹೆಸರು ಹಚ್ಚಿದರು. ಗ್ಯಾಸಿನ ವಾಸನೆಗೆ ಅವನು ಒಮ್ಮೆ ಜಗಳವಾಡಿದ್ದ. ನೋಡನೋಡುತ್ತ ಅವನ ಗ್ಯಾರೇಜಿನ ಮುಂದೆ ಆಟೋಗಳು ನಿಲ್ಲುವುದೇ ಬಂದ್ ಆಯಿತು.

ನಾನು ಜೋಳದ ರೊಟ್ಟಿ ತಟ್ಟಿ ಮಾರುವವಳು. ರೊಟ್ಟಿಗೆಂದು ಬಂದ ತನ್ವೀರನ ತಾಯಿ ಖಾತುನಬಿ ಹೊಸ್ತಿಲಲ್ಲೇ ನಿಂತಳು.

“ಕಸ್ತೂರಕ್ಕಾ, ನನ್ನ ಮಗಾ ಫೋನ್ ಮಾಡಿಲ್ಲರಿ. ಹುಮಾನ ಆಣಿ.”

“ಸಣ್ಣ ಕೂಸಿನ ಆಣಿ ಯಾಕ ಹಾಕ್ತೀರಿ? ನಾ ಏನರ ಅಂದೇನೇನು?”

“ಮತ್ತ ಯಾರ ಮಾಡ್ಯಾರರಿ?” ಎಂದು ನನ್ನ ಮುಖವನ್ನೇ ನೋಡಿದಳು. ಆ ನೋಟದ ಸಂಶಯದಲ್ಲಿ ನಾನೂ ಬಂದು ಹೋದೆ.

ನಾನು ಮಾಡಿರಲಿಲ್ಲ. ಆದರೆ ಯಾರು ಮಾಡಿರಬೇಕು ಎಂಬ ಸಂಶಯ ಮಾತ್ರ ಒಳಗೇ ಕೊರೆಯುತ್ತಿತ್ತು.

ನಮ್ಮ ಅಂಗಳದಲ್ಲಿ ಒಂದು ಬಿಲ್ವದ ಗಿಡವಿದೆ. ಶಂಭುಲಿಂಗನ ತಾಯಿ ಶಿವಲಿಂಗವ್ವ ದಿನಾ ನಸುಕಿನಲ್ಲಿ, ನಾನು ಒಲೆಯ ಮೇಲೆ ಹಂಚು ಇಡುವುದಕ್ಕಿಂತ ಮೊದಲೇ ಬಂದು ಮಗನ ಪೂಜೆಗೆ ಪತ್ರೆ ಒಯ್ಯುತ್ತಾಳೆ. ಶೆಡ್ಡಿನಲ್ಲಿ ಏನೇ ಮಾಡಲಿ, ಶಂಭು ಪೂಜೆ ಬಿಟ್ಟವನಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತನೆಂದರೆ ಮುಗಿಯುವವರೆಗೆ ಏಳುವುದಿಲ್ಲ.

ಪೊಲೀಸರು ಬಂದ ದಿನ ಶಿವಲಿಂಗವ್ವ ನಮ್ಮ ಮನೆಗೆ ಬಂದಾಗ ಬಿಸಿಲು ಏರಿತ್ತು. ಪತ್ರೆ ಉಡಿಯಲ್ಲಿ ಹಾಕಿಕೊಂಡರೂ ಹೋಗಲಿಲ್ಲ. ಬಾಯಲ್ಲಿ ಮೆಣಸಿನಕಾಯಿ ರೇಟಿನ ಮಾತು, ಕಣ್ಣು ಮಾತ್ರ ಓಣಿಯ ಮೂಲೆಯ ಕಡೆ. ಮೂಲೆಯ ಗಿರ್ಮಿಟ್ ಅಂಗಡಿಯ ಹತ್ತಿರ ಒಂದು ಜೀಪು ಬಂದು ನಿಂತದ್ದೇ, ಮಾತನ್ನು ಅರ್ಧಕ್ಕೇ ಬಿಟ್ಟು ಹೊರಟಳು. ಸ್ವಲ್ಪ ಹೊತ್ತಿಗೆ ಅವರ ಮನೆಯಲ್ಲಿ ಪೂಜೆಯ ಗಂಟೆ ಕೇಳಿಸಿತು. ಪೊಲೀಸರು ಒಳಗೆ ಹೋದಾಗ ಶಂಭುವಿನ ಅಂಗೈಯಲ್ಲಿ ಲಿಂಗವಿತ್ತು. ಅವನು ಓಡಲಿಲ್ಲ, ಯಾರೂ ಅವನನ್ನು ಹೊಡೆಯಲಿಲ್ಲ. ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ಶೆಡ್ಡಿನಲ್ಲಿ ಪೈಪು ಹಿಡಿದು ನಿಂತಿರುತ್ತಿದ್ದ.

ಈಗ ಅದೇ ಶಂಭು ನನ್ನ ಅಡಿಗೆ ಮನೆಯ ಬಾಗಿಲಿಗೆ ಬಂದ. ಪತ್ರೆಯ ಕೆಲಸವೆಲ್ಲ ತಾಯಿಯದು. ಅವನು ನಮ್ಮ ಗೇಟು ದಾಟಿದ್ದೇ ಅಪರೂಪ.

“ಏನಕ್ಕಾ, ರೊಟ್ಟಿ ಜೋರ ನಡದಾವು?”

“ಬಾರೋ ಶಂಭು. ಜೇಲಿನ ರೊಟ್ಟಿಗಿಂತ ಮೆತ್ತಗ ಅದಾವು, ತಿಂದ ನೋಡು.”

ಅವನು ನಗಲಿಲ್ಲ. “ಅವತ್ತ ನನ್ನ ಪೂಜಿ ಯಾಕ ತಡಾ ಆತು?”

ನಾನು ತಟ್ಟುವ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವನಿಗೆ ಅಷ್ಟೇ ಸಾಕಾಗುತ್ತಿತ್ತು.

“ನಿಮ್ಮವ್ವನ್ನ ಕೇಳು.”

“ಕೇಳೀನಿ. ಪತ್ರಿ ಲಗೂ ಸಿಗಲಿಲ್ಲ ಅಂತಾಳ. ಇಷ್ಟ ದೊಡ್ಡ ಗಿಡದಾಗ ಪತ್ರಿ ಸಿಗಲಿಲ್ಲಂದ್ರ ಹೆಂಗ ನಂಬಲಿ?”

ಖರೆ ಹೇಳಿದರೆ ತಾಯಿ ಸಿಕ್ಕಿಬೀಳುತ್ತಾಳೆ. ಗೊತ್ತಿಲ್ಲ ಎಂದರೆ ತನ್ವೀರನ ಮನೆ ಹಾಳಾಗುತ್ತದೆ.

“ಹೆಂಗ ಸಿಗಬೇಕು? ಗೇಟಿಗೆ ಕೀಲಿ ಹಾಕಿದ್ದೆ. ಹಿಂದಿನ ದಿನಾ ಯಾರೋ ಟೊಂಗಿ ಮುರದಿದ್ರು, ಸಿಟ್ಟ ಬಂದಿತ್ತು. ನಿಮ್ಮವ್ವ ಪಾಪ, ಹೊರಗ ನಿಂತ ನಿಂತ ಸಾಕಾದ್ಲು. ಬೈಯೂದಿದ್ರ ನನ್ನ ಬೈ.”

“ಹಂಗಾರ ಆ ತನ್ವೀರ…”

“ತನ್ವೀರ ದಿನಾ ನಿನ್ನ ಗಂಟಿ ಕೇಳ್ತಾನ. ನೀ ಪೂಜಿಗೆ ಕುಂತಾಗ ಹಿಡಿಸೂದಿದ್ರ ನಸಿಕಿನ್ಯಾಗ ಬರ್ರಿ ಅಂತ ಹೇಳ್ತಿದ್ದ. ಪೊಲೀಸರು ಬಂದಿದ್ದು ನೀ ಶೆಡ್ಡಿನ್ಯಾಗ ಇರೋ ಹೊತ್ತಿಗೆ. ಆ ಹೊತ್ತಿಗೆ ನೀ ಪೂಜಿಗೆ ಕುಂತಿದ್ದು ನನ್ನ ಕೀಲಿಯಿಂದ. ಫೋನ್ ಮಾಡಿದವರಿಗೆ ನಿನ್ನ ಪೂಜಿ ಗೊತ್ತಿಲ್ಲೋ, ಬರೇ ವಾಸನಿ ಗೊತ್ತು. ಓಣ್ಯಾಗ ಮೂಗ ಇದ್ದವರು ಎಷ್ಟ ಮಂದಿ ಅದಾರ, ಎಣಿಸ್ಕೋ.”

ಅವನು ಬಾಗಿಲು ಬಿಟ್ಟು ಕದಲಲಿಲ್ಲ. “ಮೂಗ ನಿಮಗೂ ಐತಲ್ಲಕ್ಕಾ.”

“ಐತೋ ಮಾರಾಯಾ. ಅತ್ತಾಗ ಸರಿ, ಹಿಟ್ಟ ಒಣಗಾಕತ್ತೈತಿ.”

ಅವನು ಹೋದ ಮೇಲೆ ಕೈ ತೊಳೆದುಕೊಂಡು ಟ್ರಂಕಿನ ಕೀಲಿ ಬಿಚ್ಚಿ ತಂದು ಗೇಟಿಗೆ ಹಾಕಿದೆ. ಅಲ್ಲಿಯವರೆಗೆ ನಮ್ಮ ಗೇಟಿಗೆ ಕೀಲಿಯೇ ಇರಲಿಲ್ಲ. ಅಂಗಡಿಯಿಂದ ತಂದರೆ ಹೊಸದೆಂದು ಗೊತ್ತಾಗುತ್ತದೆ. ಟ್ರಂಕಿನದಾದರೆ ತುಕ್ಕು ಹಿಡಿದಿತ್ತು.

ಮರುದಿನ ನಸುಕಿನಲ್ಲಿ ಶಿವಲಿಂಗವ್ವ ಬಂದು ಕೀಲಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ನಾನು ಬಂದು ತೆಗೆದೆ.

ಶಂಭು ತನ್ವೀರನ ಹೆಸರು ಎತ್ತುವುದು ಬಿಟ್ಟ ಮೇಲೆ ಓಣಿಯೂ ಬಿಟ್ಟಿತು. ಒಂದೊಂದಾಗಿ ಆಟೋಗಳು ಅವನ ಗ್ಯಾರೇಜಿಗೆ ತಿರುಗಿ ಬಂದವು. ಶಂಭು ಮಾತ್ರ ನಮ್ಮ ಮನೆಯ ಮುಂದೆ ಹಾಯುವಾಗ ಒಮ್ಮೆ ಕೀಲಿಯನ್ನು, ಒಮ್ಮೆ ನನ್ನನ್ನು ನೋಡದೆ ಹೋಗುತ್ತಿರಲಿಲ್ಲ.

ಮಳೆಗಾಲ ಮುಗಿದಿತ್ತು. ಒಂದು ದಿನ ಶಿವಲಿಂಗವ್ವ ಪತ್ರೆ ಹರಿಯುತ್ತ, ಗಿಡದ ಕಡೆ ನೋಡಿಕೊಂಡೇ ಅಂದಳು:

“ಮತ್ತ ಸಿಲಿಂಡರ ಬರಾಕತ್ತಾವು, ಕಸ್ತೂರಿ. ಗ್ವಾಡಿ ಮಗ್ಗಲಕ್ಕ ಆ ಕೂಸ ಮಲಗತೈತಿ, ನನಗ ನಿದ್ದಿ ಹತ್ತವಲ್ದು. ನಾಳೆ ಸ್ವಲ್ಪ ತಡಾ ಮಾಡಿ ಕೀಲಿ ತಗೀತೀಯೇನು?”

“ಬ್ಯಾಡ. ಒಮ್ಮೆ ತಡಾ ಆದ್ರ ಕೀಲಿದ ತಪ್ಪು. ಎರಡನೇ ಸಲ ತಡಾ ಆದ್ರ ಅವ್ವಂದಽ ಅಂತ ಅಂವಗ ತಿಳಿತೈತಿ. ನೀ ದಿನದಂಗ ಲಗೂ ಬಾ.”

“ಪೊಲೀಸರು ಅವನ್ನ ಹೊಡೀಬಾರದು, ನೋಡು.”

“ಅದಕ್ಕ ಕೇಳಾಕತ್ತೇನಿ. ಅಂವಾ ಶೆಡ್ಡಿನ್ಯಾಗ ಇರಲಾರದ ದಿನಾ ಯಾವದು?”

“ಸ್ವಾಮಾರ. ಕೇಸಿನ ತಾರೀಖ ಐತಿ, ಧಾರವಾಡ ಕೋರ್ಟಿಗೆ ಹೊಕ್ಕಾನ.”

“ಆತು. ಈ ಸಲ ನೀ ಫೋನ್ ಮುಟ್ಟಬ್ಯಾಡ.”

ಅವಳು ಉಡಿ ಕಟ್ಟಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೋದಳು. ನಾನು ಹಿಟ್ಟಿನ ಕೈ ತೊಳೆದು ಹೊರಗೆ ಬಂದೆ. ತನ್ವೀರನ ಗ್ಯಾರೇಜಿನ ಮುಂದೆ ಒಂದು ಆಟೋ ನಮ್ಮ ಮನೆಗೆ ಬೆನ್ನು ಮಾಡಿ ನಿಂತಿತ್ತು. ಪೊಲೀಸರ ಚೀಟಿಯ ಮೇಲಿನ ನಂಬರು ಗೇಟಿನಿಂದಲೇ ಕಾಣುತ್ತಿತ್ತು.