ಎಲೆ ನೋಡಲು ಹೋದ ಶುಕ್ರವಾರ

ಕಾವಲಿಯ ಮೇಲೆ ನೀರುದೋಸೆ ಅಂಚು ಬಿಡುತ್ತಿತ್ತು. ಕ್ಲೆಮೆಂಟಿನಾ ಅದನ್ನು ಎಬ್ಬಿಸಿ ಅಗಲದ ತಟ್ಟೆಯಲ್ಲಿ ಹರವಿದಳು. ಬಿಸಿಯಲ್ಲೇ ಒಂದರ ಮೇಲೊಂದು ಹಾಕಿದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಇಂಥ ಬೆಳಗಿನಲ್ಲಿ ಎರಡೂ ಒಲೆ ಉರಿಯಬೇಕು. ಒಂದರ ಮುಂದೆ ಅವಳು, ಇನ್ನೊಂದರ ಮುಂದೆ ಸ್ವರ್ಣಲತಾ. ಇವತ್ತು ಸ್ವರ್ಣಲತಾಳ ಕಾವಲಿ ಎಣ್ಣೆ ಸವರಿಸಿಕೊಂಡು ಸುಮ್ಮನೆ ತಣ್ಣಗಾಗುತ್ತಿತ್ತು.

ಅವಳು ಹಾಲಿನಲ್ಲಿ ಫೋನಿನ ಮುಂದೆ ಕೂತಿದ್ದಳು. "ಅಯ್ಯೋ ದೇವರೇ, ಹೌದಾ!" ಎಂದು ನಕ್ಕಳು. ಆ ನಗು ಕ್ಲೆಮೆಂಟಿನಾಳಿಗೆ ಗೊತ್ತಿತ್ತು. ಇಬ್ಬರೇ ಮೀನು ಶುದ್ಧ ಮಾಡುವಾಗ, ಗಂಡಂದಿರ ಗೊರಕೆಯನ್ನು ಆಡಿಕೊಳ್ಳುವಾಗ ಬರುವ ನಗು ಅದು. ಅಷ್ಟರಲ್ಲಿ ದನಿ ತಗ್ಗಿತು. "ಇಲ್ಲ, ಇನ್ನೂ ಹೇಳಲಿಲ್ಲ. ಹೇಗೆ ಹೇಳುವುದಂತಲೇ ಗೊತ್ತಾಗುವುದಿಲ್ಲ. ಇವತ್ತು ಗುಡ್ಡೆಯಲ್ಲಿ ಹೇಳ್ತೇನೆ."

ಕ್ಲೆಮೆಂಟಿನಾ ಮುಂದಿನ ದೋಸೆ ಹುಯ್ದಳು. ಅದು ಹರಿದುಹೋಯಿತು.

ಏನು ಹೇಳಲಿದ್ದಾಳೆ ಎಂಬುದು ಅವಳಿಗೆ ಮಂಗಳವಾರವೇ ತಿಳಿದಿತ್ತು. ಹೋಮ್‌ವರ್ಕ್ ಮಾಡುತ್ತಿದ್ದ ಸ್ವರ್ಣಳ ಮಗಳು ನಿಶ್ಮಿತಾ ತಲೆ ಎತ್ತದೆ, "ಕ್ಲೆಮಾಂಟಿ, ವೆನ್ ವಿ ಶಿಫ್ಟ್, ವಿ ಆರ್ ಗೆಟಿಂಗ್ ಅ ಸ್ವಿಂಗ್. ವಸಂತಿ ಆಂಟಿಯ ಮನೆಯಲ್ಲಿ, ಅಲ್ ಹೈಲ್‌ನಲ್ಲಿ. ಬಟ್ ಇಟ್ಸ್ ಸೀಕ್ರೆಟ್" ಎಂದಿದ್ದಳು. ದಾರ್ಸೈಟ್‌ನ ಈ ಫ್ಲಾಟಿನಲ್ಲಿ, ಅರಬರ ನಾಡಿಗೆ ದುಡಿಯಲು ಬಂದ ಎರಡು ಸಂಸಾರಗಳು ಒಂದು ಹಾಲು, ಒಂದು ಅಡುಗೆಮನೆ ಹಂಚಿಕೊಂಡು ಬದುಕಲು ಶುರುಮಾಡಿದಾಗ ಆ ಹುಡುಗಿ ಹುಟ್ಟಿರಲಿಲ್ಲ. ಆಸ್ಪತ್ರೆಯಿಂದ ಅವಳನ್ನು ಟವೆಲಿನಲ್ಲಿ ಸುತ್ತಿ ಮೆಟ್ಟಿಲು ಹತ್ತಿಸಿದವಳು ಕ್ಲೆಮೆಂಟಿನಾ. ತನ್ನ ಮಗ ಕ್ಲಾರೆನ್ಸ್‌ನನ್ನು ಮಂಗಳೂರಿನ ಬೋರ್ಡಿಂಗಿಗೆ ಬಿಟ್ಟು ಬಂದ ವಾರ ಅನ್ನ ಸೇರದೆ ಮಲಗಿದ್ದಾಗ, ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವಳು ಸ್ವರ್ಣ. ವಸಂತಿ ಬಂದು ಇನ್ನೂ ವರ್ಷವಾಗಿರಲಿಲ್ಲ. ದೇವಸ್ಥಾನದಲ್ಲಿ ಪರಿಚಯವಂತೆ. ಮೂಲ್ಕಿಯವಳಂತೆ. ಇಬ್ಬರಿಗೂ ಒಬ್ಬರೇ ಟೀಚರಂತೆ.

"ಕ್ಲೆಮಕ್ಕಾ, ನೀವೊಬ್ಬರೇ ಎಲ್ಲಾ ಮಾಡಿದ್ರಾ? ಕರೆಯಬಾರದಿತ್ತಾ ನನ್ನನ್ನು?" ಸ್ವರ್ಣ ಸೆರಗು ಸಿಕ್ಕಿಸುತ್ತ ಒಳಗೆ ಬಂದಳು. ಸೆರಗಲ್ಲ, ದುಪ್ಪಟ್ಟಾ. ಚೂಡಿದಾರ್ ಹಾಕಿದ್ದಳು. ಕಾಲಲ್ಲಿ ಬೆಳ್ಳಗಿನ ಕ್ಯಾನ್ವಾಸ್ ಶೂ.

"ಫೋನಿನಲ್ಲಿದ್ದಿಯಲ್ಲ." ಕ್ಲೆಮೆಂಟಿನಾಳ ಕಣ್ಣು ಶೂ ಮೇಲೆ ನಿಂತಿತು. "ಯಾವಾಗ ತಗೊಂಡದ್ದು?"

"ಇದಾ? ಮೊನ್ನೆ ರೂವಿಯಲ್ಲಿ. ವಸಂತಿಯ ಜೊತೆ ಹೋಗಿದ್ದೆನಲ್ಲ." ಸ್ವರ್ಣ ಒಂದು ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿದಳು. "ಚಪ್ಪಲಿಯಲ್ಲಿ ಜಾರ್ತದೆ ಅಂತ ಅವಳೇ..."

"ನಾನು ಚಪ್ಪಲಿಯಲ್ಲೇ ಬರ್ತೇನೆ. ನಾನು ಬೀಳುವುದಿಲ್ಲ."

ಎಲೆ ನೋಡಲು ಹೋಗುವ ಯೋಚನೆಯೂ ವಸಂತಿಯದೇ. ಅವಳ ಆಫೀಸಿನ ಮ್ಯಾನೇಜರ ಹೆಂಡತಿ, ಸ್ಕಾಟ್ಲೆಂಡಿನವಳು, ಪ್ರತಿ ನವೆಂಬರಿನಲ್ಲಿ ಊರು ನೆನಪಾಗಿ ರುಸ್ತಾಕ್‌ನ ಮೇಲಿನ ಗುಡ್ಡದ ಒಂದು ಹಳ್ಳಿಗೆ ನಡೆದು ಹೋಗುತ್ತಾಳಂತೆ. ಅಲ್ಲಿ ಏಪ್ರಿಕಾಟ್ ಮರ, ದಾಳಿಂಬೆ, ದ್ರಾಕ್ಷಿ ಬಳ್ಳಿ ಎಲ್ಲ ಚಳಿಗೆ ಬಣ್ಣ ತಿರುಗುತ್ತವಂತೆ.

"ಎಲೆ ನೋಡ್ಲಿಕ್ಕೆ ಪೆಟ್ರೋಲ್ ಹಾಕಿಸಿಕೊಂಡು ಹೋಗುವ ಜನ ನಾವೇ ಇರಬೇಕು," ಎಂದ ಸ್ವರ್ಣಳ ಗಂಡ ಸಂಕಪ್ಪ ಕಾರಿನ ಹಿಂದಿನ ಸೀಟಿನಲ್ಲಿ. "ನನ್ನ ಅಮ್ಮ ತರಗೆಲೆ ಗುಡಿಸಿ ಗುಡಿಸಿಯೇ ಸೊಂಟ ಬಿದ್ದುಹೋದದ್ದು. ಅವಳಿಗೆ ಹೇಳಿದ್ರೆ, ನನ್ನ ಅಂಗಳಕ್ಕೇ ಬಾ ಮಗಾ, ಹಿಡಿಸೂಡಿ ಕೊಡ್ತೇನೆ ಅಂದಾಳು."

ಕಾರು ಓಡಿಸುತ್ತಿದ್ದ ಕ್ಲೆಮೆಂಟಿನಾಳ ಗಂಡ ಅಲೋಶಿಯಸ್ ಗಹಗಹಿಸಿ ನಕ್ಕ. ಕ್ಲೆಮೆಂಟಿನಾಳೂ ನಕ್ಕಳು. ಅವತ್ತು ಅವಳು ಮನಸಾರೆ ನಕ್ಕದ್ದು ಅದೊಂದೇ ಸಲ.

ರುಸ್ತಾಕ್ ಕೋಟೆಯ ಎದುರು ವಸಂತಿ ಲ್ಯಾಂಡ್‌ಕ್ರೂಸರಿಗೆ ಒರಗಿ ನಿಂತಿದ್ದಳು. ಜೀನ್ಸ್, ತಲೆಗೆ ಕ್ಯಾಪ್, ಕೊರಳಲ್ಲಿ ಕ್ಯಾಮೆರಾ. ಅವಳ ಗಂಡ ತಿಂಗಳ ಅರ್ಧಕ್ಕರ್ಧ ಮರುಭೂಮಿಯ ಎಣ್ಣೆ ಬಾವಿಯಲ್ಲಿರುತ್ತಿದ್ದ. ಗಾಡಿಯೂ ಅಲ್ ಹೈಲ್‌ನ ವಿಲ್ಲಾದ ಖಾಲಿ ಕೋಣೆಗಳೂ ಅವಳೊಬ್ಬಳ ಪಾಲಿಗಿದ್ದವು. ಅಲೋಶಿಯಸನ ಕಾರು ಮುಂದಿನ ದಾರಿ ಹತ್ತುವಂಥದಲ್ಲ. ಅದನ್ನು ಅಲ್ಲೇ ಬಿಟ್ಟು ಎಲ್ಲರೂ ಅವಳ ಗಾಡಿ ಹತ್ತಿದರು. ನಿಶ್ಮಿತಾ ಓಡಿಹೋಗಿ ವಸಂತಿಯ ಸೊಂಟ ತಬ್ಬಿದಳು.

"ಯಲ್ಲಾ, ಯಲ್ಲಾ, ಹೊರಡುವ! ಸ್ವರ್ಣಾ, ನೀನು ಮುಂದೆ ಬಾ ಮಾರಾಯ್ತಿ. ಕ್ಲೆಮೆಂಟಿನಾ ಬಾಯಿ, ಊಟದ ಇನ್‌ಚಾರ್ಜ್ ನೀವೇ ಅಲ್ವಾ? ಡಬ್ಬಿಗಳನ್ನು ಹಿಡ್ಕೊಂಡು ಹಿಂದೆ ಆರಾಮಾಗಿ ಕೂತ್ಕೊಳ್ಳಿ."

ಕ್ಲೆಮೆಂಟಿನಾ ಡಬ್ಬಿಗಳನ್ನು ಮಡಿಲಲ್ಲಿಟ್ಟು ಹಿಂದೆ ಕೂತಳು. ಕೋಟೆಯ ಹಿಂದಿನ ಗಲ್ಲಿ ಕಿಟಕಿಯಲ್ಲಿ ಸರಿದುಹೋಯಿತು. ಮದುವೆಯಾಗಿ ಬಂದ ಹೊಸತರಲ್ಲಿ, ಅಲೋಶಿಯಸನಿಗೆ ಇಲ್ಲೇ ಕೆಲಸವಿದ್ದಾಗ, ಎರಡು ವರ್ಷ ಆ ಗಲ್ಲಿಯಲ್ಲಿದ್ದವಳು ಅವಳು. ಪಕ್ಕದ ಮನೆಯ ಸೌದ ಅವಳಿಗೆ ಅರಬಿ ಮಾತು ಕಲಿಸಿದ್ದಳು. ಖಾವಾ, ಅಂದರೆ ಅವರ ಕಾಫಿ, ಸಾಕಾದರೆ ಲೋಟ ಅಲುಗಿಸಬೇಕು, ಫಲಜ್ ಕಾಲುವೆಯ ನೀರು ಬಂಡೆಯಿಂದ ಹೊರಬೀಳುವ ಬಾಯಲ್ಲಿ ಕೈ ಕೂಡ ಅದ್ದಬಾರದು, ಅದು ಕುಡಿಯುವವರದು, ಕೆಳಗೆ ಇಳಿದ ಮೇಲೆ ಮಾತ್ರ ಸ್ನಾನ, ಬಟ್ಟೆ, ಆಮೇಲೆ ತೋಟ. ಇವನ್ನೆಲ್ಲ ಕಲಿಸಿದವಳು ಸೌದ. ಗಾಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಟೀಚರ ಮೂಗಿನ ಬಗ್ಗೆ ನಗು ನಡೆದಿತ್ತು.

ರಸ್ತೆ ಮುಗಿದಲ್ಲಿಂದ ನಡಿಗೆ. ಬೋಳು ಬಂಡೆ, ಕಲ್ಲಿನ ಮೆಟ್ಟಿಲು, ಮತ್ತೆ ಬಂಡೆ. ಚಪ್ಪಲಿ ಎರಡು ಸಲ ಜಾರಿತು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಕ್ಲೆಮೆಂಟಿನಾ ಹತ್ತಿದಳು. ತಿರುವು ದಾಟಿದ್ದೇ ಹಳ್ಳಿ ಎದುರಾಯಿತು. ಗುಡ್ಡದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಸಣ್ಣ ಸಣ್ಣ ತೋಟಗಳು. ಏಪ್ರಿಕಾಟ್ ಮರಗಳು ಕಿತ್ತಳೆಗೆ ತಿರುಗಿದ್ದವು. ದ್ರಾಕ್ಷಿ ಚಪ್ಪರದ ಮೇಲೆ ಎಲೆಗಳು ತುಕ್ಕಿನ ಬಣ್ಣ ಹಿಡಿದು ಮುದುಡಿದ್ದವು. ಸುತ್ತ ಎಲ್ಲ ಬೂದುಗಲ್ಲು, ನಡುವೆ ಯಾರೋ ಒಂದು ಸೀರೆಯನ್ನು ಒಣಹಾಕಿದ ಹಾಗೆ.

ಅವಳು ನಿಂತುಬಿಟ್ಟಳು. ಊರಲ್ಲಿ ಎಲೆ ಉದುರುವುದು ನೋಡಿದ್ದಳು, ಒಂದು ಮರ ಇಡಿಯಾಗಿ ಹೀಗೆ ಉರಿಯುವುದನ್ನು ನೋಡಿರಲಿಲ್ಲ. ಗೋಡೆಯ ಮೂಲೆಯಲ್ಲಿ ಒಂದು ದಾಳಿಂಬೆ ಗಿಡ. ಒಂದೂ ಹಸಿರೆಲೆ ಉಳಿಯದೆ ಹಳದಿಯಾಗಿತ್ತು. ಬಿಸಿಲು ಅದರೊಳಗಿಂದಲೇ ಬರುತ್ತಿರುವಂತೆ ಇತ್ತು. "ಸ್ವರ್ಣಾ, ಇಲ್ಲಿ ನೋಡು" ಎನ್ನಲು ತಿರುಗಿದಳು. ಸ್ವರ್ಣ ಮೇಲಿನ ತೋಟದಲ್ಲಿ ಏಪ್ರಿಕಾಟ್ ಮರದ ಕೆಳಗೆ ಮಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು. ವಸಂತಿ ಮೊಣಕಾಲೂರಿ ಕ್ಯಾಮೆರಾ ಹಿಡಿದಿದ್ದಳು. "ಗಲ್ಲ ಸ್ವಲ್ಪ ಮೇಲೆ! ಹಾಂ, ಈಗ ಹೀರೋಯಿನ್!"

ಕ್ಲೆಮೆಂಟಿನಾ ಕೈಯ ಡಬ್ಬಿಗಳನ್ನು ಸರಿಮಾಡಿಕೊಂಡಳು. ದಾಳಿಂಬೆ ಗಿಡದ ಕಡೆಗೆ ಮತ್ತೆ ನೋಡಲಿಲ್ಲ.

ಊಟಕ್ಕೆ ಜಾಗ ಹುಡುಕುವಾಗ ಸ್ವರ್ಣ ಹಿಂದೆ ಉಳಿದು ಅವಳ ಪಕ್ಕಕ್ಕೆ ಬಂದಳು. ಕೈಯಿಂದ ಒಂದು ಡಬ್ಬಿ ತೆಗೆದುಕೊಂಡಳು. "ಕ್ಲೆಮಕ್ಕಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು."

"ಊಟ ಆಗಲಿ ಮೊದಲು. ಕೋಳಿ ಸುಕ್ಕ ತಣ್ಣಗಾಗ್ತದೆ."

"ಆಯ್ತು. ಊಟ ಆದ ಮೇಲೆ."

ಊಟವಾಯಿತು. ಗಂಡಸರು ಬಂಡೆಯ ನೆರಳಲ್ಲಿ ಕಾಲು ಚಾಚಿದರು. ವಸಂತಿ ತೋಟದ ಅಂಚಿನ ಕಾಲುವೆಯನ್ನು ಹಿಡಿದು ಮೇಲಕ್ಕೆ ಹೋದಳು. ಉಳಿದವರು ಅವಳ ಹಿಂದೆ. ಬಂಡೆಯ ಸಂದಿನಿಂದ ನೀರು ಹೊರಬೀಳುವಲ್ಲಿ ಸಣ್ಣ ಕಲ್ಲಿನ ತೊಟ್ಟಿಯಿತ್ತು. ತಳದ ಹರಳೂ ಕಾಣುವಂಥ ನೀರು. ಮೇಲೆ ಒಂದೆರಡು ಹಳದಿ ಎಲೆ. ವಸಂತಿ ಶೂ ಬಿಚ್ಚಿ, ಜೀನ್ಸ್ ಮಡಚಿ, ಎರಡೂ ಕಾಲು ಇಳಿಬಿಟ್ಟಳು. "ಹಾ! ಐಸ್! ಸ್ವರ್ಣಾ, ಬಾ ಬಾ!"

ಮೂಲೆಯಲ್ಲಿ, ಕಲ್ಲಿನ ಗೂಡಿನೊಳಗೆ, ಕುಡಿಯುವವರಿಗಾಗಿ ಇಟ್ಟ ತಗಡಿನ ಲೋಟವಿತ್ತು. ಕ್ಲೆಮೆಂಟಿನಾ ಅದನ್ನು ಕಂಡಳು. ಬೇರೆ ಯಾರೂ ಕಾಣಲಿಲ್ಲ.

ಸ್ವರ್ಣ ಒಂದು ಶೂ ಬಿಚ್ಚಿ ತಡೆದಳು. ಯಾವುದೇ ಹೊಸ ಜಾಗದಲ್ಲಿ, ಹೊಸ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಮಾಡುವ ಹಾಗೆಯೇ ತಿರುಗಿ ನೋಡಿದಳು. "ಇಳಿಯಬಹುದಾ ಕ್ಲೆಮಕ್ಕಾ?"

ನೀರಿನ ಸದ್ದು ಕೇಳುತ್ತಿತ್ತು. ವಸಂತಿ ಕಾಲು ಆಡಿಸುತ್ತಿದ್ದಳು.

"ವಸಂತಿ ಇಳಿದಿದ್ದಾಳಲ್ಲ," ಎಂದಳು ಕ್ಲೆಮೆಂಟಿನಾ.

ಸ್ವರ್ಣ ಇಳಿದಳು. ಮಗಳನ್ನೂ ಇಳಿಸಿದಳು. ಅಷ್ಟೇ ಅಲ್ಲ, ಸುಕ್ಕದ ಎಣ್ಣೆ ಹಿಡಿದ ಡಬ್ಬಿಯನ್ನು ತಂದಿದ್ದವಳು ಅದನ್ನೂ ಅದ್ದಿ ತೊಳೆಯತೊಡಗಿದಳು. ಕೆಂಪು ಎಣ್ಣೆಯ ಗೆರೆ ನೀರಿನ ಮೇಲೆ ಹರಡಿ ಕಾಲುವೆಗೆ ಇಳಿಯಿತು. ಕ್ಲೆಮೆಂಟಿನಾ ಅದು ಹೋಗುವುದನ್ನು ನೋಡಿದಳು. ಈಗಲಾದರೂ ಹೇಳಬಹುದಿತ್ತು. ವಸಂತಿ ಆಗಲೇ ಮೇಲೆ ಬಂದು ಶೂ ದಾರ ಕಟ್ಟಿಕೊಂಡು ಕ್ಯಾಮೆರಾ ಎತ್ತಿದ್ದಳು.

"ಐಬ್! ಐಬ್!"

ಕೆಳಗಿನ ತಿರುವಿನಲ್ಲಿ ಒಬ್ಬ ಮುದುಕಿ. ತಲೆಯ ಮೇಲೆ ಅಲ್ಯುಮಿನಿಯಂ ಕೊಡ. ನಾಚಿಕೆಯಾಗಬೇಕು ಎಂದು ಕೂಗುತ್ತಲೇ ಬಂದವಳು ಕೊಡ ಇಳಿಸಿ ಸ್ವರ್ಣಳ ಕೈಯಿಂದ ಡಬ್ಬಿ ಕಿತ್ತು ದಂಡೆಯ ಮೇಲೆ ಎಸೆದಳು. ನಿಶ್ಮಿತಾಳನ್ನು ರಟ್ಟೆ ಹಿಡಿದು ಮೇಲೆತ್ತಿದಳು. ಹುಡುಗಿ ಕಿರುಚಿ ಅತ್ತಳು. ಮನೆಗಳಿಂದ ಹೆಂಗಸರು, ಮಕ್ಕಳು ಹೊರಗೆ ಬಂದರು. ಸ್ವರ್ಣ ಒದ್ದೆ ಚೂಡಿದಾರ್ ಹಿಡಿದುಕೊಂಡು, ಒಂದು ಪದವೂ ಅರ್ಥವಾಗದೆ, ಎಲ್ಲರಿಗೂ ಕೈ ಮುಗಿಯುತ್ತ ನಿಂತಳು.

ಅಲೋಶಿಯಸ್ ಓಡಿ ಬಂದು ಅರಬಿಯಲ್ಲಿ ಕ್ಷಮೆ ಕೇಳಿದ. ಒಬ್ಬ ಹಿರಿಯ ಗಂಡಸು "ಮಾಲೇಶ್, ಮಾಲೇಶ್, ಇರಲಿ ಬಿಡಿ, ಗೊತ್ತಿಲ್ಲದವರು" ಎಂದು ಎಲ್ಲರನ್ನೂ ಸಮಾಧಾನಿಸಿ, ಚಾಪೆ ಹಾಸಿಸಿ, ಖರ್ಜೂರ, ಖಾವಾ ತರಿಸಿದ. ಬೇಡವೆಂದರೂ ಬಿಡಲಿಲ್ಲ. ಅದೇ ಮುದುಕಿ ನಿಶ್ಮಿತಾಳ ಕೈಗೆ ಒಂದು ದಾಳಿಂಬೆ ಇಟ್ಟು ತಲೆ ಸವರಿದಳು. ಸ್ವರ್ಣ ಖಾವಾದ ಲೋಟ ಹಿಡಿದು ತಲೆ ಬಗ್ಗಿಸಿ ಕೂತವಳು ಎತ್ತಲಿಲ್ಲ. ಅತ್ತ ತೊಟ್ಟಿಯ ಹತ್ತಿರ ಮೂವರು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು, ನೀರು ತಿಳಿಯಾಗಲೆಂದು ಕಾಯುತ್ತಿದ್ದರು.

"ಹರಿಯುವ ನೀರಲ್ವಾ, ಎರಡು ನಿಮಿಷದಲ್ಲಿ ಕ್ಲೀನ್. ಇಷ್ಟಕ್ಕೆ ಎಂತ ಬೊಬ್ಬೆ!" ಎಂದಳು ವಸಂತಿ ಇಳಿಯುವಾಗ. "ಬಿಡು ಸ್ವರ್ಣಾ, ನಿನ್ನ ಮುಖ ನೋಡ್ಬೇಕಿತ್ತು. ಫೋಟೋ ತೆಗೆಯುವ ಅಂತ ಇದ್ದೆ!"

ಗಾಡಿಯಲ್ಲಿ ಮುಂದಿನ ಸೀಟು ಖಾಲಿ ಉಳಿಯಿತು. ಸ್ವರ್ಣ ಹಿಂದೆ, ಕ್ಲೆಮೆಂಟಿನಾಳಿಗೆ ತಾಗಿ ಕೂತಳು. ರುಸ್ತಾಕ್‌ನಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸುವಾಗ ಅಲೋಶಿಯಸ್ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದ. "ನಿನಗೆ ಗೊತ್ತಿತ್ತಲ್ಲ, ಆ ನೀರಿನ ವಿಷಯ?"

"ನಾನು ಬೇರೆ ಕಡೆ ನೋಡ್ತಿದ್ದೆ," ಎಂದಳು.

ಅವನು ಅವಳ ಮುಖ ನೋಡಿ, ಪೆಟ್ರೋಲಿನ ದುಡ್ಡು ಕೊಡಲು ಹೋದ.

ದಾರ್ಸೈಟ್ ತಲುಪುವಾಗ ಸಂಜೆಯ ಬಾಂಗ್ ಆಗುತ್ತಿತ್ತು. ಸ್ವರ್ಣ ಕೈಕಾಲು ತೊಳೆದು ನೇರ ಅಡುಗೆಮನೆಗೆ ಬಂದಳು. ಚಹಾಕ್ಕೆ ನೀರಿಟ್ಟಳು. ಬೆನ್ನು ಹಾಕಿ ನಿಂತೇ ಮಾತಾಡಿದಳು.

"ಕ್ಲೆಮಕ್ಕಾ, ಅಲ್ ಹೈಲ್‌ಗೆ ಬನ್ನಿ ಅಂತ ವಸಂತಿ ಹೇಳ್ತಾ ಇದ್ಲು. ವಿಲ್ಲಾದ ಅರ್ಧ ಕೊಡ್ತಾಳಂತೆ. ಇವರಿಗೂ ಮನಸ್ಸಿತ್ತು, ನನಗೂ ಇತ್ತು, ಸುಳ್ಳು ಯಾಕೆ ಹೇಳ್ಬೇಕು? ನಿಮ್ಮ ಹತ್ರ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ." ಚಹಾಪುಡಿ ಹಾಕಿದಳು. "ಇನ್ನು ಬೇಡ. ಖಲಾಸ್. ಅಷ್ಟು ಜನರ ಎದುರು ನನ್ನ ಮರ್ಯಾದೆ ಹೋಯ್ತು, ಅವಳಿಗೆ ನಗು. ನಿಮಗೆ ಗೊತ್ತಿದ್ರೆ ನೀವು ನನ್ನನ್ನು ಇಳಿಲಿಕ್ಕೆ ಬಿಡ್ತಿದ್ರಾ? ಅಷ್ಟೇ ವ್ಯತ್ಯಾಸ."

ಮಂಗಳವಾರದಿಂದ ಕ್ಲೆಮೆಂಟಿನಾ ಈ ಮಾತಿಗಾಗಿ ಕಾದಿದ್ದಳು. ಹಾಸಿಗೆಯಲ್ಲಿ ಹೊರಳುತ್ತ, ಬಸ್‌ಸ್ಟಾಪಿನಲ್ಲಿ ನಿಶ್ಮಿತಾಳ ಬ್ಯಾಗ್ ಹಿಡಿದು ನಿಂತಾಗ, ಸ್ವರ್ಣಳ ಬಾಯಲ್ಲಿ ಇದನ್ನೇ ಹೇಳಿಸಿ ಕೇಳಿಸಿಕೊಂಡಿದ್ದಳು. ಈಗ ಅದು ಎದುರಿಗಿತ್ತು. ಅವಳು "ಹೂಂ" ಎಂದಳು. ಸ್ವರ್ಣ ಚಹಾ ಸೋಸಿ, ಕ್ಲೆಮೆಂಟಿನಾಳ ಲೋಟಕ್ಕೆ ಅವಳಿಗೆ ಬೇಕಾದಷ್ಟೇ ಸಕ್ಕರೆ ಹಾಕಿ, ಕೇಳದೆಯೇ, ಕೈಗಿತ್ತು ಹೋದಳು.

ಲೋಟ ಹಿಡಿದು ಕ್ಲೆಮೆಂಟಿನಾ ಪ್ಯಾಸೇಜಿಗೆ ಬಂದಳು. ಸ್ವರ್ಣಳ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಂದು ಮಂಚ, ಅದಕ್ಕೆ ಒತ್ತಿ ಹುಡುಗಿಯ ಮಂಚ. ಸಂಕಪ್ಪ ಶರಟು ತೆಗೆಯಲು ಕಪಾಟಿನ ಬಾಗಿಲನ್ನು ತೆರೆದಷ್ಟೂ ತೆರೆದು, ಸಂದಿನಲ್ಲಿ ಕೈ ತೂರಿಸಿ ಹ್ಯಾಂಗರಿಗಾಗಿ ತಡಕುತ್ತಿದ್ದ. ಸ್ವರ್ಣ ಗೋಡೆಗೆ ಒರಗಿ, ಅವನು ಮುಗಿಸಲೆಂದು ಕಾಯುತ್ತಿದ್ದಳು. ಇಬ್ಬರಿಗೂ ಅದು ರೂಢಿಯಾಗಿತ್ತು.

ಅವಳು ಅಡುಗೆಮನೆಗೆ ಹಿಂತಿರುಗಿ ಚಹಾವನ್ನು ಸಿಂಕಿಗೆ ಸುರಿದಳು. ಗೊತ್ತಿದ್ದೂ ಸ್ವರ್ಣಳನ್ನು ನೀರಿಗಿಳಿಯಲು ಬಿಟ್ಟೆ ಎಂಬ ಮಾತನ್ನು ಯಾರಿಗೂ ಹೇಳುವುದು ಅವಳಿಂದ ಆಗದು, ಅಲೋಶಿಯಸನಿಗೂ, ಪಾದ್ರಿಗೂ. ಆದರೆ ನಾಳೆ ಬೆಳಿಗ್ಗೆ ಸ್ವರ್ಣ ಮತ್ತೆ ಇಲ್ಲಿ ಪಕ್ಕದಲ್ಲಿ ನಿಂತು, ಉಪ್ಪು ಸಾಕಾ ಕ್ಲೆಮಕ್ಕಾ ಎಂದು ಕೇಳುತ್ತಾಳೆ. ನಾಡಿದ್ದೂ ಕೇಳುತ್ತಾಳೆ.

ಹಾಲಿನಲ್ಲಿ ಟಿವಿ ಹಚ್ಚಿದ ಸದ್ದು. ಕ್ಲೆಮೆಂಟಿನಾ ಸೀರೆ ಸಿಕ್ಕಿಸಿ ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಸ್ಟೀಲ್ ಪಾತ್ರೆಗಳನ್ನು ಇಳಿಸಿದಳು. ಎಷ್ಟೋ ವರ್ಷಗಳಲ್ಲಿ ಯಾವುದು ಯಾರದೆಂಬುದೇ ಮರೆತುಹೋಗಿತ್ತು. ಒಂದೊಂದನ್ನೇ ಬೋರಲು ಮಾಡಿ, ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರನ್ನು ಬೆಳಕಿಗೆ ಹಿಡಿದು ಓದಿದಳು. ತನ್ನವನ್ನು ಎಡಕ್ಕೆ ಇಟ್ಟಳು. ಸ್ವರ್ಣಳವನ್ನು ಒರೆಸಿ, ಒಂದರೊಳಗೊಂದು ಸದ್ದಾಗದಂತೆ ಕೂರಿಸಿ, ಅಲ್ ಹೈಲ್‌ಗೆ ಒಯ್ಯಲು ಬಾಗಿಲಿಗೆ ಹತ್ತಿರವಾಗುವ ಹಾಗೆ ಬಲಕ್ಕೆ ಇಡುತ್ತ ಹೋದಳು.