ಷಿಕಾಗೋಗೆ ಒಂದು ಗಂಟೆ ನಲವತ್ತು ನಿಮಿಷ

ಇದು ನಡೆದ ಕಥೆಯೇ. ಅನುಮಾನವಿದ್ದವರು ಸಮರ್‌ಸೆಟ್‌ನಲ್ಲಿ ಮಗನ ಮನೆಗೆ ಬಂದಿರುವ ಕೃಷ್ಣಮ್ಮನವರನ್ನೇ ಕೇಳಬಹುದು. ಅವರ ಬಾಯಲ್ಲಿ ಕೇಳಿದರೆ ಮಾತ್ರ ಸೊಸೆ ಗಗನಾಳ ಮರ್ಯಾದೆ ಇನ್ನೂ ನಾಲ್ಕಾಣೆ ಇಳಿಯುತ್ತದೆ.

ಷಿಕಾಗೋದಲ್ಲಿದ್ದ ತಂಗಿ ವಿಜಿಗೆ ಮಂಡಿ ಆಪರೇಷನ್ ಆಗಿತ್ತು. "ಅಕ್ಕಾ, ಬಂದು ನಾಲ್ಕು ದಿನ ಇದ್ದು ಹೋಗೇ" ಎಂದು ದಿನಾ ಫೋನು. ಕೃಷ್ಣಮ್ಮನವರ ಜೀವವೂ ಅಲ್ಲೇ ಇತ್ತು. ಆದರೆ ಬೆಂಗಳೂರಿನಿಂದ ಬರುವಾಗ ಪಕ್ಕದಲ್ಲಿ ಮಲಗಿದ್ದವರನ್ನು ಎಬ್ಬಿಸಲು ಸಂಕೋಚಪಟ್ಟು, ಇಪ್ಪತ್ತೆರಡು ಗಂಟೆ ಕೂತಲ್ಲೇ ಕೂತು ಕಾಲು ಬಾತಿದ್ದನ್ನು ಅವರು ಮರೆತಿರಲಿಲ್ಲ.

"ಎರಡು ಗಂಟೆ ಕೂರ್ತೀನಿ. ಅರಸೀಕೆರೆಯಿಂದ ತುಮಕೂರಿಗೆ ಆಗುತ್ತಲ್ಲ, ಅಷ್ಟು. ಅದರ ಮೇಲೆ ಒಂದು ನಿಮಿಷಾನೂ ಇಲ್ಲ."

ಗಗನಾ ಟಿಕೆಟ್ ತೋರಿಸಿದಳು. "ನೋಡಿ ಅತ್ತೆ, ನ್ಯೂವಾರ್ಕ್ ಬಿಡೋದು ಒಂಬತ್ತಕ್ಕೆ, ಷಿಕಾಗೋ ಸೇರೋದು ಹತ್ತೂ ನಲವತ್ತಕ್ಕೆ. ಪ್ರಿಂಟೇ ಆಗಿದೆ."

"ಏಳುನೂರು ಮೈಲಿ ಅಂತಿದ್ದ ನವನೀತ?"

"ವಿಮಾನ ಅಲ್ವಾ ಅತ್ತೆ, ಮಧ್ಯೆ ಕ್ರಾಸಿಂಗ್ ಇಲ್ಲ."

ಷಿಕಾಗೋದ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ ಎಂಬುದನ್ನು ಅವಳು ನುಂಗಿಕೊಂಡಳು. ಗಂಡ ನವನೀತ ಬಾಯಿ ತೆರೆದವನು, ಅವಳ ಕಣ್ಣು ನೋಡಿ ಆ ಬಾಯಿಗೆ ಕಾಫಿ ಹುಯ್ದುಕೊಂಡ.

ವಿಮಾನದಲ್ಲಿ ಹತ್ತೂ ನಲವತ್ತಕ್ಕೆ ಸರಿಯಾಗಿ ಕೃಷ್ಣಮ್ಮ ಕೈಗಡಿಯಾರ ನೋಡಿದರು. ಕಿಟಕಿಯಾಚೆ ಬರೀ ಮೋಡ.

"ಗಗನಾ, ಏನಾದ್ರೂ ಆಗಿದ್ಯೇನೇ? ಇಳೀತಾನೇ ಇಲ್ವಲ್ಲ!"

ಅತ್ತೆಯ ಮುಖ ಬಿಳಿಚಿದ್ದನ್ನು ಗಗನಾ ನೋಡಿದಳು. ಇನ್ನೂ ಒಂದು ಗಂಟೆಯಿದೆ ಎಂದು ಹೇಗೆ ಹೇಳುವುದು? ಆಫೀಸಿನಲ್ಲಿ ಮ್ಯಾನೇಜರನಿಂದ ಹಿಡಿದು ಲಿಫ್ಟಿನವರೆಗೆ ಎಲ್ಲರ ದನಿಯನ್ನೂ ಅನುಕರಿಸುವವಳು, ಬೇರೆ ದಾರಿ ಕಾಣದೆ ಮೂಗು ಹಿಡಿದುಕೊಂಡಳು.

"ಪ್ರಯಾಣಿಕರ ಗಮನಕ್ಕೆ. ಷಿಕಾಗೋ ಪ್ಯಾಸೆಂಜರ್ ಒಂದು ಗಂಟೆ ತಡವಾಗಿ ಚಲಿಸುತ್ತಿದೆ. ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ಕೃಷ್ಣಮ್ಮನವರ ಹಣೆಯ ಗಂಟು ಸಡಿಲವಾಯಿತು. "ಅಯ್ಯೋ, ಥೇಟ್ ನಮ್ಮ ಅರಸೀಕೆರೆ ಸ್ಟೇಷನ್ನು ಕಣೇ!"

ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ಅಂಗಡಿಯ ಗುಮಾಸ್ತರು. ಸಂಜೆಯ ಗಾಡಿ ಎಂದೂ ಹೊತ್ತಿಗೆ ಬಂದದ್ದಿಲ್ಲ. ಅಪ್ಪನಿಗಾಗಿ ಕಾಯುತ್ತಾ ಅಕ್ಕತಂಗಿ ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ಪಾರ್ಸೆಲ್ ತೂಗುವ ತಕ್ಕಡಿಯ ಮೇಲೆ ಸರದಿಯಲ್ಲಿ ನಿಲ್ಲುತ್ತಿದ್ದರು. "ವಿಜಿ ಲಂಗದಲ್ಲಿ ಕಲ್ಲು ಕಟ್ಟಿಕೊಂಡು ನಿಲ್ತಿದ್ಲು, ನನಗಿಂತ ಜಾಸ್ತಿ ತೂಗಬೇಕು ಅಂತ! ಪೋರ್ಟರ್ ನಿಂಗಯ್ಯ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ, 'ಅಮ್ಮಣ್ಣಿ ಬೆಳೆದುಬಿಟ್ರಲ್ಲಾ' ಅನ್ನೋನು." ಅಪ್ಪ ಇಳಿದು ಬಂದರೆ ಅಂಗಿಯ ತುಂಬಾ ಕೊಬ್ಬರಿಯ ವಾಸನೆಯಂತೆ. ಅಷ್ಟರಲ್ಲಿ ಚಕ್ರ ನೆಲಕ್ಕೆ ತಾಗಿತು.

ಹೊರಗೆ ಗೋಡೆಯ ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. ಕೃಷ್ಣಮ್ಮ ಅದನ್ನು ನೋಡಿದರು, ತಮ್ಮ ಮಣಿಕಟ್ಟು ನೋಡಿದರು, ಕೊನೆಗೆ ಸೊಸೆಯ ಮುಖ ನೋಡಿದರು. ಗಗನಾ ಕಿವಿ ಹಿಡಿದುಕೊಂಡು ಎಲ್ಲವನ್ನೂ ಒಪ್ಪಿಕೊಂಡಳು.

"ಸರಿ. ವಾಪಸ್ ಹೋಗೋ ಟಿಕೆಟ್ ತೋರಿಸು."

ಷಿಕಾಗೋ ಬಿಡುವುದು ಒಂದಕ್ಕೆ, ನ್ಯೂವಾರ್ಕ್ ಸೇರುವುದು ನಾಲ್ಕೂ ಹತ್ತಕ್ಕೆ.

"ಮೂರು ಗಂಟೆ ಹತ್ತು ನಿಮಿಷ. ಇದಕ್ಕೇನು ಸುಳ್ಳು ಹೇಳ್ಬೇಕು ಅಂತಿದ್ದೆ?"

ಗಗನಾ ಅದನ್ನು ಯೋಚಿಸಿಯೇ ಇರಲಿಲ್ಲ. ಟಿಕೆಟ್ಟನ್ನು ತಿರುಗಿಸಿ ಹಿಂದೆಮುಂದೆ ನೋಡಿದಳು. ಆ ಪೆಚ್ಚುಮೋರೆ ನೋಡಿದ್ದೇ ಕೃಷ್ಣಮ್ಮ ಸೂಟ್‌ಕೇಸಿನ ಹಿಡಿಗೆ ಜೋತುಬಿದ್ದು, ಹೋಗುತ್ತಿದ್ದವರೆಲ್ಲ ನಿಂತು ನೋಡುವಂತೆ ನಕ್ಕರು. ಗಗನಾಳೂ ನಕ್ಕಳು, ಅತ್ತೆಯ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.